ಕಿತ್ತೂರು ಕೋಟೆಯಲ್ಲೊಂದು ಕುಲುಮೆ ಹೊತ್ತಲಿ

ಜೆಕ್ ಗಣರಾಜ್ಯದ ಹೆಲ್ಫ್‌ಸ್ಟಿನ್ ಕೋಟೆಯಲ್ಲಿ ಪ್ರತಿವರ್ಷ ಆಗಸ್ಟ್ ಕೊನೆಗೆ ಕಂಬಾರರ ಹಬ್ಬ ನಡೆಯುತ್ತದೆ. ಹೆಸರು ಹೆಫೈಸ್ಟನ್. 1982ರಿಂದ ನಡೆದುಬಂದ ಈ ಹಬ್ಬಕ್ಕೆ ಹಲವು ದೇಶಗಳ ಕಂಬಾರರು ಬಂದು, ಜನರ ಕಣ್ಣೆದುರೇ ಕಬ್ಬಿಣ ಕಾಯಿಸಿ ಬಡಿದು ಶಿಲ್ಪ ಮಾಡುತ್ತಾರೆ. ಟಿಕೆಟ್ ಕೊಟ್ಟು ನೋಡುವವರಿದ್ದಾರೆ!

ಅದರ ವಿಡಿಯೊ ನೋಡಿದಾಗ ನೆನಪಾದದ್ದು ನಮ್ಮ ಬೈಲಹೊಂಗಲ ಕಡೆಯ ಕಂಬಾರರು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಅವರ ಕೈಯಲ್ಲಿ ಕುಡಗೋಲಾಗುತ್ತದೆ. ಕೆಂಪಗೆ ಕಾಯ್ದ ಉಕ್ಕನ್ನು ನೀರಿಗೆ ಅದ್ದಿದರೆ ಗಡುಸಾಗುತ್ತದೆ, ಆದರೆ ಗಾಜಿನಂತೆ ಸಿಡಿಯುತ್ತದೆ. ಅದಕ್ಕೇ ಮತ್ತೆ ತುಸು ಕಾಯಿಸಬೇಕು. ಉಜ್ಜಿದ ಅಂಚು ಒಣಹುಲ್ಲಿನ ಹಳದಿಗೆ ಬಂದರೆ ಸುಮಾರು 230 ಡಿಗ್ರಿ, ನೀಲಿಗೆ ತಿರುಗಿದರೆ 300ರ ಆಸುಪಾಸು. ಬಿ.ಇ. ಓದುವ ನಾನು ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇನೆ. ಅವರು ಕಣ್ಣಲ್ಲೇ ಅಳೆಯುತ್ತಾರೆ.

ಟ್ರ್ಯಾಕ್ಟರ್ ಬಂದ ಮೇಲೆ ಕುಂಟೆಯ ಕುಡ ಹಣಿಸುವವರು ಕಡಿಮೆ. ಮಕ್ಕಳು ಐಟಿಐ ಮುಗಿಸಿ ಬೆಳಗಾವಿಯ ಫೌಂಡ್ರಿ ಹಾದಿ ಹಿಡಿಯುತ್ತಾರೆ. ತಪ್ಪೇನಿಲ್ಲ, ತಿಂಗಳ ಸಂಬಳ ಬೇಕಲ್ಲ. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಇದೆ. ತರಬೇತಿಯ ಜೊತೆಗೆ ಉಪಕರಣಕ್ಕೆ 15,000 ರೂ.ವರೆಗೆ ನೆರವು, ಮೊದಲ ಕಂತಿನಲ್ಲಿ ಒಂದು ಲಕ್ಷ ರೂ.ವರೆಗೆ ಸಾಲ. ಸರಿ, ಗಿರಾಕಿ ಎಲ್ಲಿಂದ ಬರಬೇಕು?

ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ. 1824ರ ವಿಜಯದ ನೆನಪಿಗೆ ಖಡ್ಗ ಹಿಡಿದ ಚೆನ್ನಮ್ಮನ ಚಿತ್ರ ಎಲ್ಲೆಡೆ. ಆ ಖಡ್ಗವನ್ನೂ ಯಾರೋ ಕಂಬಾರ ಬಡಿದಿರಬೇಕಲ್ಲವೇ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಒಂದೊಂದು ಕುಲುಮೆ ಕೋಟೆ ಆವರಣಕ್ಕೆ ಬರಲಿ. ಕುಡಗೋಲಿನ ಜೊತೆ ಕಿಟಕಿ ಜಾಲರಿ, ದೀಪದ ಕಂಬವೂ ಅಲ್ಲೇ ತಯಾರಾಗಿ ಮಾರಾಟವಾಗಲಿ. ತಿದಿ ಒತ್ತಲು ನಾನು ಸಿದ್ಧ.