ಘಟ್ಟದಲ್ಲಿ ನಿಂತ ಕಾರು ಗ್ಯಾರೇಜಿನಲ್ಲಿ ಏಕೆ ಓಡುತ್ತದೆ?

ಹೊನ್ನಾವರದಿಂದ ಹೊರಟ ಕಾರು ಗೇರುಸೊಪ್ಪ ಘಟ್ಟ ಏರುವಾಗ ಇದ್ದಕ್ಕಿದ್ದಂತೆ ಬಂದ್ ಬೀಳುತ್ತದೆ. ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬಾನೆಟ್ ಎತ್ತಿಟ್ಟು ಅರ್ಧ ಗಂಟೆ ಕಾದ ಮೇಲೆ ಒಂದೇ ಸೆಲ್ಫಿಗೆ ಚಾಲೂ. ಮಾರನೆಯ ದಿನ ಗ್ಯಾರೇಜಿಗೆ ಒಯ್ದರೆ ಎಷ್ಟು ಹೊತ್ತು ಓಡಿಸಿದರೂ ತಕರಾರಿಲ್ಲ. "ನಿನ್ನೆ ಮಾವಿನಗುಂಡಿ ಹತ್ರ ಕೈ ಕೊಟ್ಟಿತ್ತು ಮಾರಾಯ್ರೆ, ಈಗ ನೋಡಿದ್ರೆ ಎಂತದೂ ಇಲ್ಲ" ಎನ್ನುವ ಮಾಲೀಕ, ತಲೆ ಕೆರೆದುಕೊಳ್ಳುವ ಮೆಕ್ಯಾನಿಕ್. ಕರಾವಳಿಯ ಯಾವ ಗ್ಯಾರೇಜಿನಲ್ಲಾದರೂ ಕಾಣುವ ದೃಶ್ಯವಿದು. ಆಮೇಲೆ ಅಂದಾಜಿನ ಮೇಲೆ ರಿಪೇರಿ ಶುರುವಾಗುತ್ತದೆ: ಮೊದಲು ಪ್ಲಗ್, ನಂತರ ಫ್ಯುಯೆಲ್ ಪಂಪ್, ಅದೂ ಆಗದಿದ್ದರೆ ಕಾಯಿಲ್. ಬಿಲ್ ಬೆಳೆಯುತ್ತದೆ, ಕಾರು ಮಾತ್ರ ಮತ್ತೆ ಅದೇ ಘಟ್ಟದಲ್ಲಿ ನಿಲ್ಲುತ್ತದೆ.

ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುವ ದೋಷವನ್ನು ನಾವು ಯಂತ್ರದ ಹುಚ್ಚಾಟ ಎಂದುಕೊಳ್ಳುತ್ತೇವೆ. ನಿಜದಲ್ಲಿ ಯಂತ್ರಕ್ಕೆ ಹುಚ್ಚಾಟ ಗೊತ್ತಿಲ್ಲ. ಕೆಟ್ಟ ಭಾಗ ಕೆಟ್ಟೇ ಇರುತ್ತದೆ, ಆದರೆ ಒಂದು ನಿರ್ದಿಷ್ಟ ಪರಿಸ್ಥಿತಿ ಕೂಡಿಬಂದಾಗ ಮಾತ್ರ ಅದರ ಕೆಡುಕು ಹೊರಗೆ ಬರುತ್ತದೆ. ಬಿಸಿ, ತೇವ, ಅಲುಗಾಟ, ಭಾರ: ಬಹುತೇಕ ದೋಷಗಳು ಈ ನಾಲ್ಕರಲ್ಲಿ ಯಾವುದೋ ಒಂದಕ್ಕೆ ಕಟ್ಟುಬಿದ್ದಿರುತ್ತವೆ. ಆ ಪರಿಸ್ಥಿತಿಯನ್ನು ಗ್ಯಾರೇಜಿನೊಳಗೆ ಮತ್ತೆ ಹುಟ್ಟಿಸುವುದೇ ರೋಗಪತ್ತೆಯ ಮುಖ್ಯ ಕೆಲಸ.

ಭಟ್ಕಳ, ಹೊನ್ನಾವರ, ಕುಮಟಾದ ಕಾರುಗಳಿಗೆ ಈ ನಾಲ್ಕೂ ಧಾರಾಳವಾಗಿ ಸಿಗುತ್ತವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಬೇಸಿಗೆಯಲ್ಲೂ ಬಿಡದ ಉಪ್ಪು ಗಾಳಿ. ಪಶ್ಚಿಮಕ್ಕೆ ಕಡಲಿದ್ದರೆ ಪೂರ್ವಕ್ಕೆ ಯಾವ ದಾರಿ ಹಿಡಿದರೂ ಘಟ್ಟ. ಕುಮಟಾದಿಂದ ಶಿರಸಿಗೆ ಹೊರಟರೆ ದೇವಿಮನೆ, ಹೊನ್ನಾವರದಿಂದ ಸಾಗರಕ್ಕೆ ಹೊರಟರೆ ಗೇರುಸೊಪ್ಪ. ಕಡಲಮಟ್ಟದಿಂದ ಜೋಗದ ಕಡೆಗೆ ಹೋಗುವ ಕಾರು ಸುಮಾರು 500 ಮೀಟರ್ ಮೇಲೇರಬೇಕು. ಕಡಿಮೆ ಗೇರಿನಲ್ಲಿ ಎಂಜಿನ್ ಜೋರಾಗಿ ದುಡಿಯುತ್ತದೆ, ಕಾರಿನ ವೇಗ ಕಡಿಮೆ ಇರುವುದರಿಂದ ಮುಂದಿನಿಂದ ಬರುವ ಗಾಳಿ ಸಾಲುವುದಿಲ್ಲ, ಬಾನೆಟ್ಟಿನ ಒಳಗೆ ಶಾಖ ಏರುತ್ತಲೇ ಹೋಗುತ್ತದೆ. ಗ್ಯಾರೇಜಿನ ನೆರಳಿನಲ್ಲಿ ಹತ್ತು ನಿಮಿಷ ಐಡಲ್ ಬಿಟ್ಟ ಎಂಜಿನ್ ಈ ಸ್ಥಿತಿಯ ಹತ್ತಿರಕ್ಕೂ ಬರುವುದಿಲ್ಲ.

ಬಿಸಿಯಾದಾಗ ನಿಂತು ಆರಿದಾಗ ಓಡುವ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದ ಭಾಗಗಳಲ್ಲಿ ಒಂದು ಕ್ರ್ಯಾಂಕ್ ಸೆನ್ಸರ್. ಹೆಬ್ಬೆರಳಿನಷ್ಟಿರುವ ಈ ಪುಟ್ಟ ಭಾಗದ ಕೆಲಸವನ್ನು ಹತ್ತಿರದಿಂದ ನೋಡೋಣ. ಕ್ರ್ಯಾಂಕ್ ಶಾಫ್ಟಿನೊಂದಿಗೆ ತಿರುಗುವ ಒಂದು ಹಲ್ಲಿನ ಚಕ್ರವಿದೆ. ಅನೇಕ ಕಾರುಗಳಲ್ಲಿ ಅದರ ಸುತ್ತ 60 ಹಲ್ಲುಗಳಿಗೆ ಜಾಗವಿದ್ದು 58 ಹಲ್ಲು ಮಾತ್ರ ಇರುತ್ತವೆ. ಎರಡು ಹಲ್ಲಿನ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಚಕ್ರಕ್ಕೆ ತಾಗಿಯೂ ತಾಗದಂತೆ ಕುಳಿತ ಸೆನ್ಸರಿನೊಳಗೆ, ಹಲವು ಕಾರುಗಳಲ್ಲಿ, ಒಂದು ಅಯಸ್ಕಾಂತ, ಅದರ ಸುತ್ತ ಬಹಳ ಸಪೂರ ತಾಮ್ರದ ತಂತಿಯ ಸುರುಳಿ. ಪ್ರತಿ ಹಲ್ಲು ಹಾದುಹೋದಾಗಲೂ ಸುರುಳಿಯಲ್ಲಿ ಒಂದು ಸಣ್ಣ ವಿದ್ಯುತ್ ಮಿಡಿತ ಹುಟ್ಟುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 2,900 ಮಿಡಿತ. ಖಾಲಿ ಜಾಗ ಬಂದಾಗ ಮಿಡಿತ ತಪ್ಪುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಪಿಸ್ಟನ್ ಎಲ್ಲಿದೆ ಎಂದು ಲೆಕ್ಕ ಹಾಕುವುದು ಆ ತಪ್ಪಿದ ಮಿಡಿತದಿಂದಲೇ. ಯಾವ ಕ್ಷಣಕ್ಕೆ ಪೆಟ್ರೋಲ್ ಚಿಮ್ಮಿಸಬೇಕು, ಯಾವ ಕ್ಷಣಕ್ಕೆ ಕಿಡಿ ಹೊತ್ತಿಸಬೇಕು ಎಂಬುದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ.

ವರ್ಷಗಟ್ಟಲೆ ಕಾದು ಆರಿದ ತಂತಿಯಲ್ಲೋ ಅದರ ಬೆಸುಗೆಯಲ್ಲೋ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತದೆ. ತಣ್ಣಗಿದ್ದಾಗ ಬಿರುಕಿನ ಎರಡು ತುದಿಗಳೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಬಿಸಿಗೆ ಸುತ್ತಲ ವಸ್ತು ಹಿಗ್ಗಿದಾಗ ಬಿರುಕು ಬಾಯಿ ಬಿಡುತ್ತದೆ, ಮಿಡಿತ ನಿಲ್ಲುತ್ತದೆ. ಪಿಸ್ಟನ್ ಎಲ್ಲಿದೆಯೆಂದು ತಿಳಿಯದ ಇಸಿಯು ಪೆಟ್ರೋಲನ್ನೂ ಕಿಡಿಯನ್ನೂ ನಿಲ್ಲಿಸುತ್ತದೆ. ಆರಿದಾಗ ತುದಿಗಳು ಮತ್ತೆ ಕೂಡುತ್ತವೆ, ಕಾರು ಓಡುತ್ತದೆ. ಇಂಥ ಸೆನ್ಸರನ್ನು ತಣ್ಣಗಿರುವಾಗ ಮೀಟರ್ ಇಟ್ಟು ಅಳೆದರೆ ಎಲ್ಲವೂ ಸರಿ ಎಂದೇ ತೋರಿಸುತ್ತದೆ. ಬಲ್ಲ ಮೆಕ್ಯಾನಿಕ್ ಮೀಟರನ್ನು ಜೋಡಿಸಿಟ್ಟು ಬಿಸಿಗಾಳಿಯ ಗನ್ ಹಿಡಿದು ಸೆನ್ಸರನ್ನು ಕಾಯಿಸುತ್ತಾನೆ. ಮೀಟರಿನ ಅಂಕಿ ಇದ್ದಕ್ಕಿದ್ದಂತೆ ಜಿಗಿದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಚಾಲಕನಿಗೂ ಒಂದು ಸುಳಿವಿದೆ: ನಿಂತ ಕಾರಿಗೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಕದಲದಿದ್ದರೆ, ಅನೇಕ ಕಾರುಗಳಲ್ಲಿ ಅದು ಕ್ರ್ಯಾಂಕ್ ಸೆನ್ಸರಿನ ಕಡೆಗೇ ಬೆರಳು ತೋರಿಸುತ್ತದೆ.

ಮಳೆಗಾಲದ ದೋಷದ ದಾರಿ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಜಾನೆ ಎಂಜಿನ್ ಮಿಸ್ ಹೊಡೆಯುತ್ತದೆ, ಜರ್ಕ್ ಕೊಡುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ ಎಂದಾದರೆ ಕಾಯಿಲ್ ಮತ್ತು ಪ್ಲಗ್ಗಿನ ನಡುವಿನ ರಬ್ಬರ್ ಕವಚವನ್ನು ನೋಡಬೇಕು. ಕಿಡಿ ಹಾರಿಸಲು ಕಾಯಿಲ್ 20 ಸಾವಿರ ವೋಲ್ಟಿಗೂ ಹೆಚ್ಚು ಒತ್ತಡ ಹುಟ್ಟಿಸುತ್ತದೆ. ರಬ್ಬರ್ ಸೀಳಿದ್ದಲ್ಲಿ ತೇವ ಸೇರಿಕೊಂಡರೆ ಆ ವಿದ್ಯುತ್ತು ಪ್ಲಗ್ಗಿನ ತುದಿಗೆ ಹೋಗದೆ ಹತ್ತಿರದ ಲೋಹಕ್ಕೆ ಹಾರಿಬಿಡುತ್ತದೆ. ಎಂಜಿನ್ನಿನ ಶಾಖಕ್ಕೆ ತೇವ ಒಣಗಿದೊಡನೆ ದೋಷವೂ ಮಾಯ. ಅನುಭವಿ ಮೆಕ್ಯಾನಿಕ್‌ಗಳು ಕತ್ತಲಲ್ಲಿ ಎಂಜಿನ್ ಚಾಲೂ ಇಟ್ಟು, ಕಾಯಿಲ್ಲುಗಳ ಮೇಲೆ ಸಣ್ಣಗೆ ನೀರು ಸಿಂಪಡಿಸಿ ನೋಡುವುದುಂಟು. ಸೋರುವ ಜಾಗದಲ್ಲಿ ನೀಲಿ ಕಿಡಿ ಹಾರುವುದು ಬರಿಗಣ್ಣಿಗೇ ಕಾಣುತ್ತದೆ. ಈ ಪರೀಕ್ಷೆ ಬಲ್ಲವರ ಕೈಗಷ್ಟೇ ಇರಲಿ.

ಉಪ್ಪು ಗಾಳಿಯದು ನಿಧಾನದ ಕೆಲಸ. ವೈರುಗಳು ಕೂಡುವ ಕಪ್ಲರಿನೊಳಗೆ ಹೊಕ್ಕ ತೇವ ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ. ಎಂಜಿನ್ ನಡುಗಿದಾಗಲೆಲ್ಲ ಪಿನ್ನುಗಳು ಒಂದಕ್ಕೊಂದು ಉಜ್ಜಿ, ಸವೆದ ಲೋಹದ ಪುಡಿ ಗಾಳಿಗೆ ತುಕ್ಕಾಗಿ ಅಲ್ಲೇ ಕೂರುತ್ತದೆ. ರಾಷ್ಟ್ರೀಯ ಹೆದ್ದಾರಿ 66ರಿಂದ ಒಳಗಿನ ಊರಿಗೆ ಇಳಿದರೆ ಹೊಂಡಗಳಿಗೆ ಬರವಿಲ್ಲ. ಒಂದು ಕುಲುಕಿಗೆ ಸಂಪರ್ಕ ತಪ್ಪುತ್ತದೆ, ಇನ್ನೊಂದಕ್ಕೆ ಕೂಡುತ್ತದೆ. ಇದನ್ನು ಹಿಡಿಯಲು ದುಬಾರಿ ಯಂತ್ರ ಬೇಡ. ಎಂಜಿನ್ ಓಡುತ್ತಿರುವಾಗ ಕಪ್ಲರುಗಳನ್ನು ಒಂದೊಂದಾಗಿ ಮೆಲ್ಲನೆ ಅಲುಗಾಡಿಸಬೇಕು, ಯಾವುದನ್ನು ಮುಟ್ಟಿದಾಗ ಎಂಜಿನ್ನಿನ ದನಿ ಬದಲಾಗುತ್ತದೆಂದು ಕಿವಿಗೊಡಬೇಕು. ಮನೆಯ ಅಂಗಳದಲ್ಲಿ ನಿಂತ ಕಾರಿನ ವೈರನ್ನು ಇಲಿ ಕಡಿದಿರುವುದೂ ಆಗ ಕಣ್ಣಿಗೆ ಬೀಳಬಹುದು.

ಇನ್ನು ಭಾರ ಬಿದ್ದಾಗ ಮಾತ್ರ ಬಯಲಾಗುವ ದೋಷ. ಬ್ಯಾಟರಿಯನ್ನು ಎಂಜಿನ್ ಮೈಗೆ ಜೋಡಿಸುವ ಅರ್ತ್ ವೈರಿನ ದೋಷ ಮೀಟರಿಗೂ ಮೋಸ ಮಾಡುತ್ತದೆ. ಎಳೆಗಳೆಲ್ಲ ಕಿಲುಬಿಗೆ ತುಂಡಾಗಿ ಒಂದೆರಡು ಮಾತ್ರ ಉಳಿದ ವೈರಿನ ರೋಧ ಅಳೆದರೆ ಹೆಚ್ಚುಕಡಿಮೆ ಸೊನ್ನೆಯೇ ಬರುತ್ತದೆ. ತೋಟಕ್ಕೆ ನೀರು ಬಿಡುವ ಪೈಪು ಅರ್ಧ ಕಟ್ಟಿಕೊಂಡಿದ್ದರೂ ತುದಿ ಮುಚ್ಚಿದ್ದಾಗ ಒತ್ತಡ ಪೂರ್ತಿಯೇ ಇರುತ್ತದಲ್ಲ, ಜೆಟ್ ತಿರುಗಿಸಿದಾಗಲೇ ಬಂಡವಾಳ ಬಯಲಾಗುವುದು, ಇದೂ ಹಾಗೆಯೇ. ಸ್ಟಾರ್ಟರ್ 150 ಆಂಪಿಯರ್ ಎಳೆಯುವಾಗ ಅರ್ತ್‌ನಲ್ಲಿ ಓಮ್‌ನ ನೂರನೇ ಒಂದು ಭಾಗದಷ್ಟು ರೋಧವಿದ್ದರೂ 1.5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಸೆಲ್ಫ್ ಹೊಡೆಯುತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ ಮೈಗೂ ನಡುವೆ ಎಷ್ಟು ವೋಲ್ಟ್ ಎಂದು ಅಳೆಯಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ತ್ ಸರಿಯಿಲ್ಲ.

"ಸ್ಕ್ಯಾನರ್ ಹಾಕಿದರೆ ಗೊತ್ತಾಗುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಸ್ಕ್ಯಾನರ್ ಬಹಳ ಉಪಕಾರಿ, ಆದರೆ ಅದು ತೀರ್ಪು ಕೊಡುವುದಿಲ್ಲ, ಸಾಕ್ಷಿ ಹೇಳುತ್ತದೆ. ಪಿ0335 ಎಂಬ ಕೋಡ್ ಬಂದರೆ ಅದರರ್ಥ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷ ಕಂಡಿತು ಎಂದಷ್ಟೆ. ದೋಷ ಸೆನ್ಸರಿನದ್ದೋ ವೈರಿನದ್ದೋ ಕಪ್ಲರಿನದ್ದೋ ಎಂದು ಅದು ಹೇಳದು. ಕೋಡಿನ ಜೊತೆಗೆ ಆ ಕ್ಷಣದ ವೇಗ, ಎಂಜಿನ್ನಿನ ಶಾಖ, ಅದರ ಮೇಲಿದ್ದ ಭಾರ ಕೂಡ ದಾಖಲಾಗಿರುತ್ತವೆ. ದೋಷ ಎಂಥ ಪರಿಸ್ಥಿತಿಯಲ್ಲಿ ಬಂತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಇಲ್ಲ. ಹಲವು ದೋಷಗಳಿಗೆ ಚೆಕ್ ಲೈಟ್ ಉರಿಯುವುದು ಅವು ಎರಡನೇ ಸಲ ಮರುಕಳಿಸಿದಾಗ ಮಾತ್ರ. ಅಲ್ಲಿಯವರೆಗೆ ಅವು ಬಾಕಿ ಪಟ್ಟಿಯಲ್ಲಿರುತ್ತವೆ. ಅದಕ್ಕೇ ದೀಪ ಉರಿಯದಿದ್ದರೂ ಸ್ಕ್ಯಾನ್ ಮಾಡಿಸಬೇಕು. ಅದಕ್ಕಿಂತ ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಿಟ್ಟರೆ ಅನೇಕ ಕಾರುಗಳಲ್ಲಿ ಈ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ.

ಅಂದಾಜಿನ ರಿಪೇರಿಗೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಅಮೆರಿಕದ ಜನರಲ್ ಮೋಟರ್ಸ್ ಪ್ರಕರಣ ದೊಡ್ಡ ಪಾಠ. ಷೆವ್ರೊಲೆ ಕೋಬಾಲ್ಟ್ ಮತ್ತಿತರ ಕಾರುಗಳು ಓಡುತ್ತಿದ್ದಂತೆ ಒಮ್ಮೊಮ್ಮೆ ಆಫ್ ಆಗುತ್ತಿದ್ದವು. 2010ರಲ್ಲಿ ಜಾರ್ಜಿಯಾದ ಯುವತಿಯೊಬ್ಬರು ಇದೇ ದೂರಿನೊಂದಿಗೆ ಕಾರನ್ನು ಸರ್ವಿಸಿಗೆ ಕೊಟ್ಟರು. ಇಂಧನ ವ್ಯವಸ್ಥೆ ಶುಚಿಗೊಳಿಸಿ ಮರಳಿಸಿದರು. ಕೆಲವೇ ದಿನಗಳಲ್ಲಿ ಅಪಘಾತದಲ್ಲಿ ಆಕೆ ತೀರಿಕೊಂಡರು. ಆಕೆಯ ಕುಟುಂಬದ ಮೊಕದ್ದಮೆಗಾಗಿ ಕೆಲಸ ಮಾಡಿದ ಎಂಜಿನಿಯರ್ ಮಾರ್ಕ್ ಹುಡ್, ಆ ಕಾರಿನ ಇಗ್ನಿಷನ್ ಸ್ವಿಚ್ಚನ್ನೂ ಅಂಗಡಿಯಿಂದ ಕೊಂಡ ಹೊಸ ಸ್ವಿಚ್ಚನ್ನೂ ಪಕ್ಕಪಕ್ಕ ಇಟ್ಟು ಅಳೆದರು. ಎರಡರ ಪಾರ್ಟ್ ನಂಬರ್ ಒಂದೇ, ಆದರೆ ಕೀಯನ್ನು ಜಾಗದಲ್ಲಿ ಹಿಡಿದಿಡುವ ಪುಟ್ಟ ಕಡ್ಡಿ ಹೊಸದರಲ್ಲಿ ಉದ್ದವಾಗಿತ್ತು. ಹಳೆಯ ಸ್ವಿಚ್ಚಿನ ಹಿಡಿತ ಎಷ್ಟು ಸಡಿಲವೆಂದರೆ ಭಾರದ ಕೀಗೊಂಚಲು ಜೋತಾಡಿದರೂ, ರಸ್ತೆಯ ಒಂದು ಕುಲುಕಿಗೂ ಕೀ ಜಾರಿ ಎಂಜಿನ್ ಆರುತ್ತಿತ್ತು, ಏರ್‌ಬ್ಯಾಗೂ ನಿಷ್ಕ್ರಿಯವಾಗುತ್ತಿತ್ತು. 2014ರಲ್ಲಿ ಕಂಪನಿ ಈ ದೋಷಕ್ಕಾಗಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಿತು. ಪರಿಹಾರ ನಿಧಿ 124 ಸಾವುಗಳಿಗೆ ಪರಿಹಾರ ಒಪ್ಪಿತು. ಅಲ್ಲೂ ಪರಿಸ್ಥಿತಿಯೊಂದಿತ್ತು: ಕೀಗೊಂಚಲಿನ ಭಾರ ಮತ್ತು ಕುಲುಕು. ಆ ಕಾರನ್ನು ಸರ್ವಿಸ್ ಮಾಡಿದವರು ಅದನ್ನು ಹುಡುಕಲು ಹೋಗದಿದ್ದುದೇ ದುರಂತ.

ಓಡುವಾಗ ಆಫ್ ಆಗುವ ಕಾರು ಬರೀ ಕಿರಿಕಿರಿಯಲ್ಲ, ಅಪಾಯ. ಘಟ್ಟದಲ್ಲಿ ಎಂಜಿನ್ ನಿಂತರೆ ಅನೇಕ ಕಾರುಗಳಲ್ಲಿ ಸ್ಟಿಯರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಸಿಗುವ ನೆರವು ಎರಡು ಮೂರು ಒತ್ತಿಗೆ ಮುಗಿದುಹೋಗುತ್ತದೆ. ಬ್ರೇಕನ್ನು ಪದೇಪದೇ ಬಿಟ್ಟು ಒತ್ತದೆ ಒಂದೇ ಸಮ ಗಟ್ಟಿಯಾಗಿ ಒತ್ತಿ ನಿಲ್ಲಿಸಿ. ಕಾರು ಪೂರ್ತಿ ನಿಲ್ಲುವವರೆಗೆ ಕೀ ಹೊರಗೆಳೆಯಬೇಡಿ, ಎಳೆದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ.

ಇನ್ನು, ಅಂಥ ಕಾರಿನ ಮಾಲೀಕರು ಮಾಡಬೇಕಾದ ಒಂದು ಕೆಲಸವಿದೆ, ಅದಕ್ಕೆ ಖರ್ಚಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಒಂದು ಚಿಕ್ಕ ಪುಸ್ತಕ ಇಡಿ. ಕಾರು ತೊಂದರೆ ಕೊಟ್ಟಾಗಲೆಲ್ಲ ಬರೆದಿಡಿ: ಎಷ್ಟು ದೂರ ಓಡಿದ ಮೇಲೆ, ಏರಿನಲ್ಲೋ ಸಮತಟ್ಟಿನಲ್ಲೋ, ಮಳೆಯಿತ್ತೋ ಬಿಸಿಲೋ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಏಸಿ ಚಾಲೂ ಇತ್ತೋ, ಆರ್‌ಪಿಎಂ ಮುಳ್ಳು ಏನು ತೋರಿಸಿತು, ಎಷ್ಟು ಹೊತ್ತಿಗೆ ಮತ್ತೆ ಹಿಡಿಯಿತು. ನಾಲ್ಕೈದು ಸಲದ ಬರಹ ಒಟ್ಟಾದರೆ ಸಮಾನ ಅಂಶ ತಾನೇ ಎದ್ದು ಕಾಣುತ್ತದೆ. ಗ್ಯಾರೇಜಿಗೆ ಹೋದಾಗ "ಪಂಪ್ ಬದಲಾಯಿಸಿ" ಎನ್ನುವ ಬದಲು ಆ ಪುಸ್ತಕ ಕೊಡಿ, ಮೆಕ್ಯಾನಿಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಘಟ್ಟ ಹತ್ತಿಸಿ. ಪತ್ತೆಗೆ ಹಿಡಿದ ಸಮಯಕ್ಕೂ ಮಜೂರಿ ಕೊಡಿ. ಅದು ಬೇಡದ ಬಿಡಿಭಾಗದ ಬೆಲೆಗಿಂತ ಕಡಿಮೆಯೇ ಆಗುತ್ತದೆ. ಕಾರಣ ತಿಳಿಯುವ ಮೊದಲು ಯಾವ ಭಾಗವನ್ನೂ ಬದಲಾಯಿಸಲು ಒಪ್ಪಬೇಡಿ.