ಸಾಲಿನಲ್ಲೇ ನಿಂತಿರುವ ಪ್ರಶ್ನೆಗಳು

ವೆಸ್ಟ್ ಆಫ್ ಕಾರ್ಡ್ ರೋಡ್ ಹಿಡಿದು ಬಸವೇಶ್ವರನಗರದ ಕಡೆ ಹೋಗುವವರಿಗೆ ‘ಮೋದಿ ಆಸ್ಪತ್ರೆ’ ಒಂದು ಗುರುತಿನ ಜಾಗ. ಆಟೊದವರಿಗೆ ಆ ಹೆಸರು ಹೇಳಿದರೆ ಸಾಕು, ಬೇರೆ ವಿಳಾಸ ಬೇಕಿಲ್ಲ. ಹೆಸರಿನ ಹಿಂದಿರುವ ಮನುಷ್ಯನನ್ನು ಮಾತ್ರ ನಗರ ನಿಧಾನವಾಗಿ ಮರೆಯುತ್ತಿದೆ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಉಚಿತ ಕಣ್ಣಿನ ಶಿಬಿರ ನಡೆಸಿದವರು. ಒಂದೇ ದಿನ 833 ಮಂದಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ದಾಖಲೆ ಸೇರಿದವರು. ಆಸ್ಪತ್ರೆಯ ಬಾಗಿಲವರೆಗೆ ಬರಲಾರದವರನ್ನು ತಲುಪುವುದು ಹೇಗೆ? ಅವರ ಇಡೀ ಬದುಕು ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರದಂತಿತ್ತು.

ಇದೇ ಕಾರ್ಡ್ ರಸ್ತೆಯಲ್ಲಿ ಉತ್ತರಕ್ಕೆ ಸಾಗಿದರೆ, ಇಸ್ಕಾನ್ ದೇವಸ್ಥಾನದ ಆಸುಪಾಸಿನಲ್ಲಿ, ನಾರಾಯಣ ನೇತ್ರಾಲಯ ಸಿಗುತ್ತದೆ. ಮೋದಿಯವರ ಪ್ರಶ್ನೆ ಇಲ್ಲಿ ಮತ್ತೊಮ್ಮೆ ಎದ್ದಿತು. ಈ ಬಾರಿ ಆಸ್ಪತ್ರೆಗೆ ಬರಲಾರದೆ ಉಳಿದವರು ತಿಂಗಳು ತುಂಬದೆ ಹುಟ್ಟಿದ ಶಿಶುಗಳು.

ರಾಜಾಜಿನಗರದಿಂದ ಕೆಂಗೇರಿಯವರೆಗಿನ ಪಶ್ಚಿಮ ಬೆಂಗಳೂರನ್ನು ನಾವು ಬಡಾವಣೆ, ಮಾರುಕಟ್ಟೆ, ಮೆಟ್ರೊ ನಿಲ್ದಾಣಗಳ ಮೂಲಕ ಗುರುತಿಸುತ್ತೇವೆ. ಕಲಿಸುವ ಆಸ್ಪತ್ರೆಗಳ ಸಾಲಾಗಿ ನೋಡಿದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಇಲ್ಲಿ ಪ್ರತಿದಿನ ಬೆಳಿಗ್ಗೆ ಹೊರರೋಗಿ ವಿಭಾಗದ ಮುಂದೆ ಸಾಲು ಬೆಳೆಯುತ್ತದೆ. ಸಾಲಿನ ಆ ತುದಿಯಲ್ಲಿ ಕುರ್ಚಿಯಲ್ಲಿ ಕೂತಿರುವವರು ಬಹುಪಾಲು ಇಪ್ಪತ್ತೈದರಿಂದ ಮೂವತ್ತರ ವಯಸ್ಸಿನ ಸ್ನಾತಕೋತ್ತರ ವಿದ್ಯಾರ್ಥಿಗಳು. ಆ ಕಿರಿಯ ವೈದ್ಯರ ಕೈಯಲ್ಲಿ ಚಿಕಿತ್ಸೆಯ ಜೊತೆಗೆ ಸಂಶೋಧನೆಯ ಹೊಣೆಯೂ ಇದೆ.

ಮೂವತ್ತು ದಿನದ ಗಡುವು

ತಿಂಗಳು ತುಂಬುವ ಮುನ್ನ ಹುಟ್ಟಿದ ಮಗುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಇನ್ನೂ ಪೂರ್ತಿ ಹರಡಿರುವುದಿಲ್ಲ. ಹೊರಬಂದ ಮೇಲೆ ಅವು ದಾರಿ ತಪ್ಪಿ ಬೆಳೆಯಬಹುದು, ಕೊನೆಗೆ ಅಕ್ಷಿಪಟಲವನ್ನೇ ಎಳೆದು ಕೀಳಬಹುದು. ಇದಕ್ಕೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ, ವೈದ್ಯರ ಬಾಯಲ್ಲಿ ಚುಟುಕಾಗಿ ಆರ್‌ಒಪಿ ಎಂದು ಹೆಸರು. ಎರಡು ಕಿಲೊಗಿಂತ ಕಡಿಮೆ ತೂಕದ ಅಥವಾ 34 ವಾರ ತುಂಬದ ಮಗುವಿಗೆ, ಹುಟ್ಟಿದ 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು ಎಂಬುದು ನಮ್ಮ ದೇಶದ ನಿಯಮ. ತೀರಾ ಚಿಕ್ಕ ಶಿಶುಗಳಿಗೆ ಇನ್ನೂ ಬೇಗ. ಸಮಯಕ್ಕೆ ಸರಿಯಾಗಿ ಲೇಸರ್ ಕೊಟ್ಟರೆ ದೃಷ್ಟಿ ಉಳಿಯುತ್ತದೆ. ತಡವಾದರೆ ಆ ಮಗು ಜೀವನವಿಡೀ ಕತ್ತಲಲ್ಲಿ ಉಳಿಯಬಹುದು.

ಜಿಲ್ಲಾಸ್ಪತ್ರೆಗಳಲ್ಲಿ ಶಿಶು ನಿಗಾ ಘಟಕಗಳು ಬಂದ ಮೇಲೆ, ಹಿಂದೆ ಬದುಕದೆ ಹೋಗುತ್ತಿದ್ದ ಚಿಕ್ಕ ಶಿಶುಗಳು ಬದುಕತೊಡಗಿದವು. ಜೀವ ಉಳಿಯಿತು, ಕಣ್ಣು ನೋಡುವವರಿರಲಿಲ್ಲ. ಈ ಕಾಯಿಲೆ ಗುರುತಿಸಬಲ್ಲ ನೇತ್ರತಜ್ಞರು ಕೆಲವೇ ಮಂದಿ, ಅವರೂ ದೊಡ್ಡ ನಗರಗಳಲ್ಲಿ. ಒಂದೂವರೆ ಕಿಲೊ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಣಂತಿ ಬೆಂಗಳೂರಿಗೆ ಬಸ್ಸು ಹತ್ತುವುದು ಆಗಿಬರುವ ಮಾತೇ?

ಡಾ. ಆನಂದ್ ವಿನೇಕರ್ ಮತ್ತು ಅವರ ತಂಡ 2008ರಲ್ಲಿ ನಾರಾಯಣ ನೇತ್ರಾಲಯದಲ್ಲಿ ಶುರುಮಾಡಿದ ‘ಕಿಡ್‌ರಾಪ್’ ಯೋಜನೆ ಈ ಲೆಕ್ಕವನ್ನು ತಿರುಗಿಸಿ ಹಾಕಿತು. ಮಗು ಇದ್ದಲ್ಲೇ ಇರಲಿ, ಕ್ಯಾಮೆರಾ ಹೋಗಲಿ. ತರಬೇತಿ ಪಡೆದ ತಂತ್ರಜ್ಞರು ವಾಹನದಲ್ಲಿ ಕ್ಯಾಮೆರಾ ಹೊತ್ತು, ಗೊತ್ತಾದ ದಿನ ಗೊತ್ತಾದ ಊರಿನ ಶಿಶು ಘಟಕಕ್ಕೆ ಹೋಗುತ್ತಾರೆ. ಅಕ್ಷಿಪಟಲದ ಚಿತ್ರ ತೆಗೆದು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ಕೆಂಪಾದರೆ ಚಿಕಿತ್ಸೆ ಬೇಕು, ಕಿತ್ತಳೆಯಾದರೆ ಮತ್ತೆ ನೋಡಬೇಕು, ಹಸಿರಾದರೆ ಚಿಂತೆಯಿಲ್ಲ. ಚಿತ್ರಗಳು ಅಂತರ್ಜಾಲದ ಮೂಲಕ ತಜ್ಞರಿಗೆ ತಲುಪುತ್ತವೆ. ರಾಜ್ಯದ ಗ್ರಾಮೀಣ ಆರೋಗ್ಯ ಅಭಿಯಾನವೂ ಇದರಲ್ಲಿ ಕೈಜೋಡಿಸಿತು.

ಕಿರಿಯ ಸಂಶೋಧಕರು ಗಮನಿಸಬೇಕಾದ ಸಂಗತಿ ಇದರ ನಂತರದ್ದು. ವೈದ್ಯರಲ್ಲದವರು ಈ ಚಿತ್ರಗಳನ್ನು ಸರಿಯಾಗಿ ಓದಬಲ್ಲರೇ ಎಂಬ ಅನುಮಾನ ಯಾರಿಗಾದರೂ ಬರುವಂಥದ್ದು. ತಂಡ ಆ ಅನುಮಾನವನ್ನು ವಾದದಿಂದ ಅಳಿಸಲು ಹೋಗಲಿಲ್ಲ. ತಂತ್ರಜ್ಞರ ತೀರ್ಪನ್ನೂ ತಜ್ಞರ ತೀರ್ಪನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿತು, ತರಬೇತಿಗೆ ಅಂಕ ಕೊಡುವ ಕ್ರಮ ರೂಪಿಸಿತು, ಫಲಿತಾಂಶವನ್ನು ವೈದ್ಯಕೀಯ ನಿಯತಕಾಲಿಕಗಳಲ್ಲಿ ಪ್ರಕಟಿಸಿತು. ಸೇವೆಯಾಗಿ ಹುಟ್ಟಿದ ಕೆಲಸ ಹೀಗೆ ಸಂಶೋಧನೆಯಾಯಿತು, ಬೇರೆಯವರೂ ಎತ್ತಿಕೊಳ್ಳಬಹುದಾದ ಮಾದರಿಯಾಯಿತು. ಮುಂದೆ ಬೆಂಗಳೂರಿನದೇ ಫೋರಸ್ ಹೆಲ್ತ್ ಕಂಪನಿ ‘ತ್ರಿನೇತ್ರ ನಿಯೋ’ ಎಂಬ ಶಿಶುಗಳ ಕಣ್ಣಿನ ಕ್ಯಾಮೆರಾ ತಯಾರಿಸಿದಾಗ, ವಿದೇಶಿ ಯಂತ್ರವನ್ನೇ ನೆಚ್ಚಿಕೊಂಡಿರಬೇಕಾದ ಅಗತ್ಯವೂ ತಗ್ಗಿತು.

ಎರಡು ಕಣ್ಣು, ನಾಲ್ವರಿಗೆ ಬೆಳಕು

ಡಾ. ಕೆ. ಭುಜಂಗ ಶೆಟ್ಟಿ 1982ರಲ್ಲಿ ಕಟ್ಟಿದ ನಾರಾಯಣ ನೇತ್ರಾಲಯದ ನೇತ್ರಬ್ಯಾಂಕಿಗೆ ನಟ ಡಾ. ರಾಜ್‌ಕುಮಾರ್ ಅವರ ಹೆಸರಿದೆ. 1994ರಲ್ಲಿ ಅದನ್ನು ಉದ್ಘಾಟಿಸಿದವರೂ ಅವರೇ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಕೊಟ್ಟ ಮಾತಿನಂತೆ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ, ಅಭಿಮಾನಿಗಳ ‘ಅಪ್ಪು’, ಪುನೀತ್ ರಾಜ್‌ಕುಮಾರ್ ಅಗಲಿದಾಗ ಆ ಕಣ್ಣೀರಿನ ನಡುವೆಯೇ ಕುಟುಂಬ ಅದೇ ದಾರಿ ಹಿಡಿಯಿತು.

ಅಪ್ಪು ಕಣ್ಣು ನಾಲ್ವರಿಗೆ ದೃಷ್ಟಿ ಕೊಟ್ಟಿತೆಂಬ ಸುದ್ದಿ ಮನೆಮನೆಯ ಮಾತಾಯಿತು. ಎರಡು ಕಣ್ಣು ನಾಲ್ವರಿಗೆ ಹೇಗೆ ಎಂದು ಕೇಳಿದವರು ಕಡಿಮೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ಮೇಲ್ಪದರ, ಒಳಪದರ ಎಂದು ಬೇರ್ಪಡಿಸಲಾಯಿತು. ಮೇಲ್ಪದರ ಕೆಟ್ಟಿದ್ದ ಇಬ್ಬರಿಗೆ ಮೇಲ್ಪದರ, ಒಳಪದರ ಕೆಟ್ಟಿದ್ದ ಇಬ್ಬರಿಗೆ ಒಳಪದರ ಕಸಿಯಾಯಿತು. ಈಗಿನ ಚೆಕ್ ಗಣರಾಜ್ಯದ ಓಲೊಮೌಟ್ಸ್‌ನಲ್ಲಿ ಎಡುವರ್ಡ್ ಝಿರ್ಮ್ ಮೊದಲ ಯಶಸ್ವಿ ಕಾರ್ನಿಯಾ ಕಸಿ ಮಾಡಿದ್ದು 1905ರಲ್ಲಿ. ಅಲ್ಲಿಂದ ಇಲ್ಲಿಗೆ ನೂರು ವರ್ಷಕ್ಕೂ ಮಿಕ್ಕಿದ ದಾರಿ. ಇಡೀ ಪೊರೆ ಬದಲಿಸಲೇಬೇಕೇ, ಕೆಟ್ಟ ಪದರವಷ್ಟೇ ಸಾಲದೇ ಎಂದು ಯಾರೋ ಕೇಳಿಕೊಂಡರು, ಇನ್ಯಾರೋ ಪ್ರಯೋಗ ಮಾಡಿದರು, ಮತ್ಯಾರೋ ಎಡವಿ ಕಲಿತರು. ಅವರಲ್ಲಿ ಎಷ್ಟೋ ಮಂದಿಯ ಹೆಸರು ನಮಗೆ ತಿಳಿಯದು. ಅವರು ಕೇಳದೆ ಬಿಟ್ಟಿದ್ದರೆ ರಾಜಾಜಿನಗರದಲ್ಲಿ ಅಂದು ಆ ನಾಲ್ವರಿಗೆ ಬೆಳಕು ಸಿಗುತ್ತಿರಲಿಲ್ಲ.

ಕಾರ್ಮಿಕರ ಆಸ್ಪತ್ರೆಯಲ್ಲಿ

ರಾಜಾಜಿನಗರ ಕೈಗಾರಿಕೆಯ ಜೊತೆಗೇ ಬೆಳೆದ ಬಡಾವಣೆ. ಇಲ್ಲಿನ ಇಎಸ್‌ಐ ಆಸ್ಪತ್ರೆ ಇಂದು ವೈದ್ಯಕೀಯ ಕಾಲೇಜು ಕೂಡ ಹೌದು, 2012ರಿಂದ ಎಂಬಿಬಿಎಸ್ ಕಲಿಸುತ್ತಿದೆ. 1948ರ ಕಾಯ್ದೆಯಿಂದ ಬಂದ ಇಎಸ್‌ಐ ಎಂಬ ಕಾರ್ಮಿಕ ವಿಮೆಯಲ್ಲಿ ಕಾರ್ಮಿಕನ ಸಂಬಳದ ಶೇ 0.75, ಮಾಲೀಕನ ಕಡೆಯಿಂದ ಶೇ 3.25 ಸೇರುತ್ತದೆ. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿದವರು, ಲೇತ್ ಯಂತ್ರದ ಸದ್ದಿನಲ್ಲಿ ಕಿವಿ ಮಂದವಾದವರು, ರಾತ್ರಿ ಪಾಳಿಯಲ್ಲಿ ನಿದ್ದೆ ಕೆಟ್ಟವರು ಇಂಥ ಆಸ್ಪತ್ರೆಯನ್ನೇ ನಂಬಿರುತ್ತಾರೆ.

ಸಂಶೋಧನೆಯ ಕಣ್ಣಿಂದ ನೋಡಿದರೆ ಇದು ದೊಡ್ಡ ಸಂಪತ್ತು. ವಿಮಾ ಸಂಖ್ಯೆ ಇರುವ ಕಾರ್ಮಿಕರು ಮತ್ತೆ ಮತ್ತೆ ಇಲ್ಲಿಗೇ ಬರುತ್ತಾರೆ. ಅಧ್ಯಯನಕ್ಕೆ ಸೇರಿದವರು ಮೂರೇ ತಿಂಗಳಲ್ಲಿ ಕೈತಪ್ಪಿ ಹೋಗುವುದು ಎಲ್ಲ ಆಸ್ಪತ್ರೆಗಳ ಸಂಕಟ. ಇಲ್ಲಿ ಅವರನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡುವ ಅವಕಾಶವಿದೆ. ಯಾವ ಕೆಲಸ ಯಾವ ನೋವನ್ನು ತರುತ್ತದೆ ಎಂಬುದಕ್ಕೆ ಇಲ್ಲಿನ ಸಾಲಿನಷ್ಟು ಸ್ಪಷ್ಟ ಉತ್ತರ ಬೇರೆಲ್ಲಿ ಸಿಕ್ಕೀತು?

ಕೆಂಗೇರಿಯಾಚೆ

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿದರೆ ಕಂಬೀಪುರದಲ್ಲಿ ರಾಜರಾಜೇಶ್ವರಿ ವೈದ್ಯಕೀಯ ಕಾಲೇಜು, ಉತ್ತರಹಳ್ಳಿ ಕಡೆಯ ರಸ್ತೆಯಲ್ಲಿ ಬಿಜಿಎಸ್ ಗ್ಲೋಬಲ್ ಸಂಸ್ಥೆ. ಇಲ್ಲಿಗೆ ನಗರವೂ ಬರುತ್ತದೆ, ಬಿಡದಿ, ಮಾಗಡಿ, ರಾಮನಗರದ ಹಳ್ಳಿಗಳೂ ಬರುತ್ತವೆ. ಆ ಕಡೆ ರೇಷ್ಮೆ ಬಿಚ್ಚಾಣಿಕೆ ಮಾಡುವವರಿದ್ದಾರೆ; ಅಂಥವರಿಗೆ ಉಬ್ಬಸ ಕಾಡುವುದು ವೈದ್ಯಲೋಕಕ್ಕೆ ಗೊತ್ತಿರುವ ವಿಷಯ. ಗೂಡು ಬೇಯಿಸುವ ಕೋಣೆಗೆ ಗಾಳಿ ಬೆಳಕು ಹೆಚ್ಚಿಸಿದರೆ ಉಬ್ಬಸ ಎಷ್ಟು ತಗ್ಗೀತು? ಕೆಂಗೇರಿಯಲ್ಲಿ ಓದುವ ಹುಡುಗಿಯೊಬ್ಬಳು ಕೇಳಬಹುದಾದ ಪ್ರಶ್ನೆ ಇದು. ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಒಂದು ಬಸ್ ಪ್ರಯಾಣ ಸಾಕು.

ಥೀಸಿಸ್ ಎಂಬ ಗಂಟು

ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬರೂ ಒಂದು ಪ್ರೌಢ ಪ್ರಬಂಧ ಬರೆಯಲೇಬೇಕು. ಮೂರು ವರ್ಷದ ಕೋರ್ಸಿನ ಮೊದಲ ತಿಂಗಳುಗಳಲ್ಲೇ ಅದರ ರೂಪುರೇಖೆ, ಅಂದರೆ ಸಿನಾಪ್ಸಿಸ್, ಕೊಡಬೇಕು. ಹೊಸ ಆಸ್ಪತ್ರೆ, ಹೊಸ ವಾರ್ಡು, ನಿದ್ದೆಯಿಲ್ಲದ ಡ್ಯೂಟಿ ನಡುವೆ ವಿಷಯ ಹುಡುಕುವ ಹೊತ್ತಿಗೆ ಕೈಗೆ ಸಿಗುವುದು ಸೀನಿಯರ್ ಒಬ್ಬರ ಹಳೆಯ ಥೀಸಿಸ್. ಊರು, ವರ್ಷ, ರೋಗಿಗಳ ಸಂಖ್ಯೆ ಬದಲಾಗಿ ಅದೇ ಪ್ರಶ್ನೆ ಮತ್ತೆ ಬರೆಯಲ್ಪಡುತ್ತದೆ. ಇದಕ್ಕೆ ಹುಡುಗರನ್ನು ದೂರಿ ಫಲವಿಲ್ಲ. ಪ್ರಶ್ನೆ ಕೇಳುವುದನ್ನು ನಾವು ಅವರಿಗೆ ಎಂದು ಕಲಿಸಿದೆವು?

ಕಲಿಸುವ ದಾರಿಗಳು ಇಲ್ಲದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದಲೇ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನಾ ವಿದ್ಯಾರ್ಥಿವೇತನ ಕೊಡುತ್ತಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸನ್ನು ಮೊದಲ ವರ್ಷವೇ ಮುಗಿಸಬೇಕೆಂಬ ನಿಯಮವಿದೆ. ಜಿಲ್ಲಾಸ್ಪತ್ರೆಯಲ್ಲಿ ಮೂರು ತಿಂಗಳು ಕೆಲಸ ಮಾಡುವ ಜಿಲ್ಲಾ ರೆಸಿಡೆನ್ಸಿಯೂ ಬಂದಿದೆ. ಆದರೆ ಆನ್‌ಲೈನ್ ಪಾಠ ಕೇಳಿ ಈಜು ಕಲಿತವರಿಲ್ಲ. ಪಕ್ಕದಲ್ಲಿ ಕೂತು, ‘ಈ ಪ್ರಶ್ನೆ ಇನ್ನೂ ಚಿಕ್ಕದಾಗಲಿ’ ಎಂದು ತಿದ್ದುವ ಗೈಡ್ ಬೇಕು. ಅಧ್ಯಯನ ಶುರುವಾಗುವ ಮುನ್ನವೇ ಸಿಗುವ ಸಂಖ್ಯಾಶಾಸ್ತ್ರಜ್ಞ ಬೇಕು, ಏಕೆಂದರೆ ಎಷ್ಟು ರೋಗಿಗಳನ್ನು ನೋಡಬೇಕೆಂಬ ಲೆಕ್ಕ ಮೊದಲು ಹಾಕುವಂಥದ್ದು. ವಾರಕ್ಕೊಂದು ಅರ್ಧ ದಿನ, ಡ್ಯೂಟಿ ಪಟ್ಟಿಯಲ್ಲೇ ಬರೆದಿಟ್ಟ ಸಂಶೋಧನೆಯ ಹೊತ್ತು ಬೇಕು. ಅಂದುಕೊಂಡದ್ದು ಸುಳ್ಳಾದಾಗ ‘ಇದೂ ಒಂದು ಉತ್ತರವೇ’ ಎಂದು ಬೆನ್ನು ತಟ್ಟುವ ಧೈರ್ಯ ವಿಭಾಗಕ್ಕೆ ಬೇಕು. ಇವಕ್ಕೆ ದುಬಾರಿ ಪ್ರಯೋಗಾಲಯ ಬೇಕಾಗಿಲ್ಲ, ಮನಸ್ಸಿದ್ದರೆ ನಾಳೆಯೇ ಶುರುವಾಗಬಹುದು.

ಚೀಟಿ ಎತ್ತಿದ ಹಾಗೆ

ಪ್ರತಿ ಅಧ್ಯಯನವೂ ನೈತಿಕ ಸಮಿತಿಯ ಮುಂದೆ ಬರಬೇಕು. ಅಲ್ಲಿ ವೈದ್ಯರ ಜೊತೆ ಕಾನೂನು ಬಲ್ಲವರು, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಸಾಮಾನ್ಯ ನಾಗರಿಕರೂ ಕೂರುತ್ತಾರೆ. 2017ರ ರಾಷ್ಟ್ರೀಯ ಮಾರ್ಗಸೂಚಿಯಂತೆ ಅಧ್ಯಕ್ಷರು ಹೊರಗಿನವರೇ ಆಗಿರಬೇಕು. ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು.

ನನ್ನ ಮಟ್ಟಿಗೆ ಕಿರಿಯ ಸಂಶೋಧಕರ ನಿಜವಾದ ಪರೀಕ್ಷೆ ಕನ್ನಡದಲ್ಲಿ ಬರೆಯುವ ಈ ಒಪ್ಪಿಗೆಯ ಹಾಳೆ. ‘ಯಾದೃಚ್ಛಿಕ ಹಂಚಿಕೆ’ ಎಂದು ಬರೆದರೆ ಪೀಣ್ಯದ ಕಾರ್ಮಿಕನಿಗೆ ಏನು ತಿಳಿದೀತು? ‘ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂದು ನಮಗೂ ಗೊತ್ತಿಲ್ಲ. ನಿಮಗೆ ಯಾವುದು ಬರುತ್ತದೆಂಬುದು ಚೀಟಿ ಎತ್ತಿದ ಹಾಗೆ. ಬೇಡ ಎಂದರೂ ನಿಮ್ಮ ಚಿಕಿತ್ಸೆಗೆ ತೊಂದರೆಯಿಲ್ಲ’ ಎಂದು ಹೇಳಬಲ್ಲವರು ತಮ್ಮ ಅಧ್ಯಯನವನ್ನು ಅರ್ಥ ಮಾಡಿಕೊಂಡಿದ್ದಾರೆ ಎಂದೇ ಲೆಕ್ಕ. ‘ನಮಗೂ ಗೊತ್ತಿಲ್ಲ’ ಎಂಬ ಮಾತನ್ನು ರೋಗಿಯ ಕಣ್ಣು ನೋಡಿ ಹೇಳುವುದರಲ್ಲೇ ಸಂಶೋಧನೆ ಮೊದಲಾಗುತ್ತದೆ.

ಓದು ಬಾರದ ಅಜ್ಜಿ, ಸಾಕ್ಷಿಯ ಮುಂದೆ ಆ ಹಾಳೆಗೆ ಹೆಬ್ಬೆಟ್ಟು ಒತ್ತುತ್ತಾಳೆ. ಅದರಿಂದ ಅವಳಿಗೆ ಏನೂ ದಕ್ಕದೆ ಹೋಗಬಹುದು. ಮುಂದೆ ಬರುವವರಿಗಾದರೂ ಒಳ್ಳೆಯದಾಗಲಿ ಎಂದು ಒತ್ತುತ್ತಾಳೆ. ಆ ಗುರುತು ಒಂದು ಸಾಲಪತ್ರ. ಗ್ರಂಥಾಲಯದ ಕಪಾಟಿನಲ್ಲಿ ರಟ್ಟು ಹಾಕಿಸಿಕೊಂಡು ಕೂತ ಥೀಸಿಸ್‌ನಿಂದ ಆ ಸಾಲ ತೀರುವುದಿಲ್ಲ. ಮೋದಿಯವರ ಶಿಬಿರದಲ್ಲಿ ಪಟ್ಟಿ ಬಿಚ್ಚಿದಾಗ, ಜಿಲ್ಲಾಸ್ಪತ್ರೆಯ ಶಿಶು ಘಟಕದಲ್ಲಿ ಹಸಿರು ಗುರುತು ಬಿದ್ದಾಗ ಅದು ತೀರಿತ್ತು. ನಾಳೆ ಬೆಳಿಗ್ಗೆ ರಾಜಾಜಿನಗರದಲ್ಲೂ ಕೆಂಗೇರಿಯಲ್ಲೂ ಸಾಲು ಮತ್ತೆ ನಿಲ್ಲುತ್ತದೆ. ಆ ತುದಿಯ ಕುರ್ಚಿಯಲ್ಲಿ ಕೂತವರಿಗೆ ಒಂದಿಷ್ಟು ಬಿಡುವು, ಒಬ್ಬ ಗುರು ಸಿಕ್ಕರೆ, ಆ ಸಾಲಿನಲ್ಲಿ ನಿಂತಿರುವ ಪ್ರಶ್ನೆಯೂ ಅವರ ಕಣ್ಣಿಗೆ ಬೀಳುತ್ತದೆ.