ಬುತ್ತಿ ಕಟ್ಟಿಕೊಂಡು ಸೂಳೆಕೆರೆಗೆ

ಹೆಸರು ಕೇಳಿ ಮುಖ ಸಿಂಡರಿಸಬೇಡಿ, ಗೆಳತಿಯರೇ! ಚನ್ನಗಿರಿ ತಾಲ್ಲೂಕಿನ ಈ ಕೆರೆಯನ್ನು ರಾಜಕುಮಾರಿ ಶಾಂತವ್ವ ಕಟ್ಟಿಸಿದಳಂತೆ. ಅದಕ್ಕಾಗಿ ತಮ್ಮ ಕೇರಿಯನ್ನೇ ಬಿಟ್ಟುಕೊಟ್ಟ ಸೂಳೆಯರು ಕೇಳಿದ್ದು ಒಂದೇ: ಕೆರೆಗೆ ನಮ್ಮ ಹೆಸರಿರಲಿ. ಶಾಂತಿಸಾಗರ ಎಂದು ಕರೆದರೂ ಜನರ ಬಾಯಲ್ಲಿ ಆ ಮಾತು ಇನ್ನೂ ಉಳಿದಿದೆ.

ರಜಾದಿನ ಬೆಳಿಗ್ಗೆಯೇ ಹೊರಟುಬಿಡಿ. ಎರಡು ಗುಡ್ಡಗಳ ನಡುವಿನ ಏರಿಯ ಮೇಲೆ ನಿಧಾನವಾಗಿ ನಡೆಯಿರಿ. ಕಣ್ಣು ಹಾಯುವಷ್ಟೂ ನೀರು! ಸಿದ್ದೇಶ್ವರನಿಗೆ ಕೈಮುಗಿದು ನೆರಳಲ್ಲಿ ಬುತ್ತಿ ಬಿಚ್ಚಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಸಿಲಿಗೆ ಕೆಡುವುದಿಲ್ಲ. ತೂಬಿನ ಹತ್ತಿರ ಮಾತ್ರ ಮಕ್ಕಳ ಕೈ ಬಿಡಬೇಡಿ.

ಉಂಡ ಎಲೆ, ಪ್ಲಾಸ್ಟಿಕ್ಕು ಚೀಲದಲ್ಲೇ ವಾಪಸು ಬರಲಿ. ದೂರದ ಚಿತ್ರದುರ್ಗಕ್ಕೂ ಕುಡಿಯುವ ನೀರು ಹೋಗುವುದು ಇಲ್ಲಿಂದಲೇ. ಅವರು ಮನೆಯನ್ನೇ ಕೊಟ್ಟರು. ನಾವು ಕಸವನ್ನಾದರೂ ಕೊಡದಿರೋಣ, ಅಲ್ಲವೇ?